ತೆಗದ ಮಣ್ಣ ಎಲ್ಲಿ ಹಾಕ್ಯಾರ?

ಗ್ರಾಮಸಭೆ ಮುಗಿಸಿಕೊಂಡು ಊರಿಂದ ಕಲಬುರಗಿಗೆ ಮರಳಿ ನಾಲ್ಕು ದಿನವಾಯಿತು. ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ಕುಳಿತು ಕೇಳಿದ ಒಂದು ಮಾತು ಮಾತ್ರ ಇನ್ನೂ ಕಿವಿಯಲ್ಲೇ ಇದೆ. ಬೆಳಿಗ್ಗೆ ಚಹಾ ಕುಡಿಯುವಾಗಲೂ, ರಾತ್ರಿ ದೀಪ ಆರಿಸಿದ ಮೇಲೂ ಅದೇ ಮಾತು.

ಕೆರೆಯ ಹೂಳು ತೆಗೆಸಿದ ಕಾಮಗಾರಿಯ ವಿವರವನ್ನು ಎಂಜಿನಿಯರ್ ಓದಿ ಮುಗಿಸಿದ್ದರು. ಒಂದೂವರೆ ಎಕರೆ ಜಾಗದಲ್ಲಿ ಸರಾಸರಿ ಒಂದೂವರೆ ಮೀಟರ್ ಆಳ, ಒಟ್ಟು 9,000 ಘನ ಮೀಟರ್ ಹೂಳು, ಅಳತೆ ಪುಸ್ತಕದಲ್ಲಿ ದಾಖಲಾಗಿದೆ, ಬಿಲ್ಲು ಸಲ್ಲಿಕೆಯಾಗಿದೆ. ಸಭೆಯಲ್ಲಿದ್ದವರಲ್ಲಿ ಅರ್ಧದಷ್ಟು ಜನ ತಲೆಯಾಡಿಸಿದರು. ಉಳಿದವರು ಎದ್ದು ಹೋಗುವುದು ಯಾವಾಗ ಎಂದು ನೋಡುತ್ತಿದ್ದರು. ಆಗ ಹಿಂದಿನ ಸಾಲಿನಲ್ಲಿ, ಬೇವಿನ ಗಿಡದ ಬುಡಕ್ಕೆ ಒರಗಿ ಕುಳಿತಿದ್ದ ಕೆರೆ ಓಣಿಯ ಆಯಿ ಕೈ ಎತ್ತಲಿಲ್ಲ, ಎದ್ದು ನಿಲ್ಲಲೂ ಇಲ್ಲ. ಕುಳಿತಲ್ಲಿಂದಲೇ ಕೇಳಿದಳು:

"ಯಪ್ಪಾ, ನಾ ಓದಿದಾಕಿ ಅಲ್ಲ. ತೆಗದ ಮಣ್ಣ ಎಲ್ಲಿ ಹಾಕ್ಯಾರ, ಅಷ್ಟ ಹೇಳು."

"ರೈತರು ತಗೊಂಡು ಹೋಗಿದ್ದಾರೆ ಅಜ್ಜಿ, ಹೊಲಕ್ಕೆ."

"ಯಾವ ರೈತರು? ಹೆಸರು ಹೇಳು. ಈ ಸಭಾದಾಗ ಕುಂತಾರೇನು ಅವರು?"

ಎಂಜಿನಿಯರ್ ಕಾಗದ ತಿರುವಿ ಹಾಕಿದರು. ಆ ಕಾಗದದಲ್ಲಿ ರೈತರ ಹೆಸರು ಇರಲಿಲ್ಲ. ಅಧ್ಯಕ್ಷರ ಪತಿ, ಅವರ ಪರವಾಗಿ ಎಲ್ಲ ಸಭೆಯಲ್ಲೂ ಮಾತಾಡುವವರು, "ಆಯಿ, ಮುಂದಿನ ವಿಷಯ ಅದ, ಸುಮ್ನ ಕುಂದ್ರು" ಎಂದರು. ಆಕೆ ಸುಮ್ಮನಾದಳು. ಆದರೆ ಸಭೆಯಲ್ಲಿ ಬೇರೆ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಾನು ಸರ್ಕಾರಿ ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಅಳತೆ ಪುಸ್ತಕದ ಪುಟಗಳನ್ನು ಎಷ್ಟು ಸಾವಿರ ನೋಡಿದ್ದೇನೋ ಲೆಕ್ಕವಿಲ್ಲ. ಉದ್ದ, ಅಗಲ, ಆಳ ಗುಣಿಸಿ ಒಟ್ಟು ಸರಿಯಿದೆಯೇ, ದರ ಪಟ್ಟಿಗೆ ಹೊಂದುತ್ತದೆಯೇ, ಸಹಿ ಇದೆಯೇ ಎಂದು ನೋಡಿ ಮುಂದಕ್ಕೆ ಕಳಿಸಿದ್ದೇನೆ. ತೆಗೆದ ಮಣ್ಣು ಎಲ್ಲಿ ಹೋಯಿತು ಎಂದು ಒಂದು ಕಡತದಲ್ಲೂ ಬರೆದು ಕೇಳಿದ ನೆನಪಿಲ್ಲ. ನನ್ನ ಕೈಯಲ್ಲಿ ಆ ದಿನ ಅಂದಾಜು ಪಟ್ಟಿಯ ನಕಲು ಇತ್ತು. ಅದನ್ನು ಎರಡು ಸಲ ಓದಿಕೊಂಡು ಹೋಗಿದ್ದೆ. ಓದಲು ಬಾರದ ಆಯಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಸಭೆಯನ್ನು ಕರೆದ ಸಮಯವನ್ನೂ ಇಲ್ಲಿ ಹೇಳಬೇಕು. ಹೂಳು ತೆಗೆದದ್ದು ಬೇಸಿಗೆಯ ಕೊನೆಯಲ್ಲಿ, ಕೆರೆ ಒಣಗಿ ಬಿರುಕು ಬಿಟ್ಟಾಗ. ಆಗ ಸಭೆ ಕರೆದಿದ್ದರೆ ಇಡೀ ಊರು ಕೆರೆಯೊಳಗೆ ಇಳಿದು ತಗ್ಗನ್ನು ನೋಡಬಹುದಿತ್ತು. ಸಭೆ ಕರೆದದ್ದು ಎರಡು ದೊಡ್ಡ ಮಳೆ ಬಿದ್ದು ತಗ್ಗಿನಲ್ಲಿ ನೀರು ನಿಂತ ಮೇಲೆ. ಇದು ಬೇಕೆಂದೇ ಆದದ್ದು ಎಂದು ನಾನು ಹೇಳುವುದಿಲ್ಲ. ಆ ಎಂಜಿನಿಯರ್ ಹೊಸದಾಗಿ ವರ್ಗವಾಗಿ ಬಂದ ಹುಡುಗ, ಹತ್ತಾರು ಊರಿನ ಕೆಲಸ ಒಬ್ಬರ ತಲೆಯ ಮೇಲಿದೆ, ಮಾತಿನಲ್ಲಿ ಮರ್ಯಾದೆ ಇತ್ತು. ಅವರ ಬಗ್ಗೆ ನನಗೆ ಸಿಟ್ಟಿಗಿಂತ ಮರುಕವೇ ಹೆಚ್ಚು. ಆದರೆ ನೀರು ತುಂಬಿದ ಮೇಲೆ ಆಳವನ್ನು ತೋರಿಸಿ ಎಂದು ಯಾರು ಕೇಳಿದರೂ ಉತ್ತರ ಸಿಗುವುದಿಲ್ಲ ಎಂಬುದು ಕೆಲಸ ಮಾಡಿಸಿದವರಿಗೆ ಗೊತ್ತಿರುತ್ತದೆ. ಆಯಿ ಕೇಳಿದ್ದು ಆಳವನ್ನಲ್ಲ. ಹೊರಗೆ ಬಂದ ಮಣ್ಣನ್ನು. ಆ ಮಣ್ಣಿನ ಮೇಲೆ ಯಾವ ಮಳೆಯೂ ನೀರು ನಿಲ್ಲಿಸುವುದಿಲ್ಲ.

ಅವತ್ತು ರಾತ್ರಿ ಊರ ಮನೆಯಲ್ಲಿ ಕುಳಿತು ಲೆಕ್ಕ ಹಾಕಿದೆ. ನಮ್ಮ ಕಡೆ ಟ್ರ್ಯಾಕ್ಟರ್ ಟ್ರಾಲಿಯನ್ನು ಒಂದು ಬ್ರಾಸ್ ಎಂದು ಹಿಡಿಯುತ್ತಾರೆ. ಒಂದು ಬ್ರಾಸ್ ಎಂದರೆ 100 ಘನ ಅಡಿ, ಸುಮಾರು 2.83 ಘನ ಮೀಟರ್. ನೆಲದಲ್ಲಿ ಗಟ್ಟಿಯಾಗಿ ಕುಳಿತ ಎರೆಮಣ್ಣನ್ನು ಅಗೆದರೆ ಅದು ಉಬ್ಬುತ್ತದೆ. ಗುಂಡಿಯಿಂದ ತೆಗೆದ ಮಣ್ಣು ಮತ್ತೆ ಅದೇ ಗುಂಡಿಯಲ್ಲಿ ಹಿಡಿಯುವುದಿಲ್ಲ ಎಂಬುದು ಬಾವಿ ತೋಡಿದ ಎಲ್ಲರಿಗೂ ಗೊತ್ತು. ಕಾಲು ಭಾಗ ಉಬ್ಬಿತೆಂದು ಹಿಡಿದರೂ 9,000 ಘನ ಮೀಟರ್ ಹೂಳು ಸುಮಾರು 4,000 ಟ್ರಾಲಿ ಆಗಬೇಕು. ಹೊಲದಲ್ಲಿ 4 ಅಂಗುಲ ದಪ್ಪ ಹರಡಿದರೆ 25 ಎಕರೆಗೂ ಹೆಚ್ಚು ಜಾಗ ಬೇಕು. ನಮ್ಮೂರಲ್ಲಿ 25 ಎಕರೆಗೆ ಕೆರೆಮಣ್ಣು ಬಿದ್ದಿದ್ದರೆ ಅದು ಹಬ್ಬದ ಸುದ್ದಿಯಾಗುತ್ತಿತ್ತು. ಮಡ್ಡಿ ಹೊಲದವರು ಕೆರೆಯ ಹೂಳಿಗಾಗಿ ಜಗಳವಾಡಿದ್ದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಮೂರು ನಾಲ್ಕು ವರ್ಷ ತೊಗರಿಗೆ ಬೇರೆ ಗೊಬ್ಬರವೇ ಬೇಡ ಎನ್ನುವಷ್ಟು ಅದರ ಮೇಲೆ ಅವರಿಗೆ ನಂಬಿಕೆ.

ಮರುದಿನ ಬೆಳಿಗ್ಗೆ ಆಯಿಯ ಮನೆಗೆ ಹೋದೆ. ಕೆರೆಗೆ ಹೋಗುವ ದಾರಿ ಆಕೆಯ ಅಂಗಳದ ಮುಂದೆಯೇ ಹಾಯುತ್ತದೆ. ಮೊಣಕಾಲು ನೋವಿನಿಂದ ಎರಡು ವರ್ಷದಿಂದ ಕೂಲಿಗೆ ಹೋಗುವುದಿಲ್ಲ, ದಿನವಿಡೀ ಕಟ್ಟೆಯ ಮೇಲೆ ಕುಳಿತಿರುತ್ತಾಳೆ.

"ನಾಕು ಟ್ರ್ಯಾಕ್ಟರ್ ಬಂದಿದ್ವು. ಹನ್ನೊಂದು ದಿನ ನಡದ್ವು. ಆಮ್ಯಾಲ ಜೆಸಿಬಿ ಸುಮ್ನ ನಿಂತಿತ್ತು, ಎಂಟು ದಿನ ನಿಂತ ಹೋತು" ಎಂದಳು. ಒಂದೊಂದು ಟ್ರ್ಯಾಕ್ಟರ್ ದಿನಕ್ಕೆ 15 ಸಲ ಓಡಿತೆಂದರೂ 660 ಟ್ರಾಲಿ. 4,000 ಅಲ್ಲ. ಆಕೆ ಇದನ್ನು ಗುಣಿಸಿ ನೋಡಿರಲಿಲ್ಲ. ಧೂಳು ಎಷ್ಟು ದಿನ ಹಾರಿತು, ರೊಟ್ಟಿ ಮೇಲೆ ಬಟ್ಟೆ ಎಷ್ಟು ದಿನ ಮುಚ್ಚಬೇಕಾಯಿತು ಎಂಬುದನ್ನು ನೆನಪಿಟ್ಟಿದ್ದಳು.

ಅಲ್ಲಿಂದ ಕೆರೆಗೆ ಹೋದೆವು, ನಾನು ಮತ್ತು ಓಣಿಯ ಇಬ್ಬರು ಹುಡುಗರು. ಮಣ್ಣಿನ ಕೆಲಸದಲ್ಲಿ ಆಳ ಅಳೆಯಲು ಅಲ್ಲಲ್ಲಿ ಅಗೆಯದೆ ದಿಬ್ಬಗಳನ್ನು ಬಿಡುವುದು ಹಳೆಯ ಪದ್ಧತಿ. ಸುತ್ತಲಿನ ನೆಲ ಎಷ್ಟು ತಗ್ಗಾಯಿತು ಎಂಬುದಕ್ಕೆ ಆ ದಿಬ್ಬದ ಎತ್ತರವೇ ಸಾಕ್ಷಿ. ನೀರಿನ ಮೇಲೆ ಅಂಥ ಎರಡು ದಿಬ್ಬಗಳ ತಲೆ ಕಾಣುತ್ತಿತ್ತು. ಧೋತರ ಎತ್ತಿ ಕಟ್ಟಿ ಇಳಿದೆ. ನೀರು ಮೊಣಕಾಲಿನವರೆಗೆ ಬಂತು. ಮೊದಲನೆಯ ದಿಬ್ಬದ ನೆತ್ತಿಯಲ್ಲಿ ಒಣಗಿದ ಕರಿಕೆ ಇತ್ತು, ಎಳೆದರೆ ಬೇರು ಬಿಡಲಿಲ್ಲ, ಪಕ್ಕದಲ್ಲಿ ಬೇರಿನ ಜಾಲ ಒಂದು ಗೇಣು ಕೆಳಗಿನವರೆಗೆ ಕಾಣುತ್ತಿತ್ತು. ಇದು ಹಳೆಯ ಕೆರೆಯಂಗಳವೇ. ಎರಡನೆಯದರ ನೆತ್ತಿಯಲ್ಲಿ ಹುಲ್ಲೂ ಇರಲಿಲ್ಲ, ಬೇರೂ ಇರಲಿಲ್ಲ. ಹೆಬ್ಬೆರಳು ಒತ್ತಿದರೆ ಮಣ್ಣು ಹಿಟ್ಟಿನಂತೆ ಕುಸಿಯಿತು. ಅಗೆಯದೆ ಬಿಟ್ಟ ನೆಲ ಹಾಗೆ ಕುಸಿಯುವುದಿಲ್ಲ. ಮೇಲಿನ ಒಂದೂವರೆ ಅಡಿಯನ್ನು ಯಾರೋ ಆಮೇಲೆ ಪೇರಿಸಿದ್ದರು. ಇದನ್ನು ಬರೆಯುವಾಗಲೂ ಆ ಮಣ್ಣು ನನ್ನ ಬೆರಳ ತುದಿಯಲ್ಲಿದ್ದಂತೆ ಅನಿಸುತ್ತಿದೆ.

ಹೊಲಗಳಲ್ಲಿ ಸಿಕ್ಕಿದ ಹೂಳು ಐದು ಎಕರೆಯೊಳಗೇ ಮುಗಿಯಿತು. ಇನ್ನು ಸ್ವಲ್ಪ ಏರಿಯ ಒಳಮೈಗೆ ಸುರಿದು ಬಿಟ್ಟಿತ್ತು. ಅದು ನನಗೆ ಹೆಚ್ಚು ನೋವು ತಂದಿತು. ಕೆರೆಯ ಹೊಟ್ಟೆಯಿಂದ ತೆಗೆದದ್ದನ್ನು ಕೆರೆಯ ಪಕ್ಕೆಗೇ ಹಚ್ಚಿದರೆ ಎರಡು ಮಳೆಗೆ ಅದು ಮತ್ತೆ ಒಳಗೇ ಜಾರುತ್ತದೆ. ದುಡ್ಡು ಖರ್ಚಾಗುತ್ತದೆ, ಹೂಳು ಹತ್ತು ಮಾರು ಸರಿಯುತ್ತದೆ, ಅಷ್ಟೇ.

ಮಂಗಳೂರಿನ ದಕ್ಕೆಯಲ್ಲಿ ಮೀನು ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುವ ನನ್ನ ತಂಗಿಯ ಮಗನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವನು, "ಮಾಮಾ, ಇಲ್ಲಿ ಅಳಿವೆ ಬಾಗಿಲದಾಗ ಹೂಳ ತೆಗಿಯೋ ಮಾತು ಬಂದಾಗೂ ಮಂದಿ ಇದನ್ನ ಕೇಳ್ತಾರ" ಎಂದ. ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಅಲ್ಲಿ ಒಂದೇ ಬಾಗಿಲಿನಿಂದ ಸಮುದ್ರ ಸೇರುತ್ತವೆ. ನದಿ ತಂದ ಮರಳು, ಅಲೆ ತಂದ ಮರಳು ಎರಡೂ ಆ ಬಾಗಿಲಲ್ಲೇ ನಿಲ್ಲುತ್ತವೆ. ಮರಳ ದಿಬ್ಬ ಎದ್ದಾಗ ಮೀನು ತುಂಬಿದ ಬೋಟುಗಳು ಭರತದ ನೀರಿಗಾಗಿ ಹೊರಗೆ ಕಾಯಬೇಕು. ಕಾಯದೆ ನುಗ್ಗಿದರೆ ತಳ ತಾಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆದರೆ ಬೋಟುಗಳೆಲ್ಲ ದಡದಲ್ಲಿರುವ ಆ ಬಿಡುವಿನಲ್ಲಿಯೇ ಹೂಳು ತೆಗೆಯೋಣವೆಂದರೆ ಸಮುದ್ರ ಆಗಲೇ ಅತಿ ಒರಟಾಗಿರುತ್ತದೆ, ಯಂತ್ರ ನಿಲ್ಲುವುದಿಲ್ಲ.

ಅಲ್ಲಿ ಕೆಲಸವನ್ನು ಅಳೆಯುವುದು ಕೆಲಸಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ನೀರಿನ ಆಳ ತೆಗೆದು. ನೀರಿಗೆ ಧ್ವನಿ ಬಿಟ್ಟು ಅದು ತಳಕ್ಕೆ ಬಡಿದು ಮರಳಲು ಹಿಡಿಯುವ ಹೊತ್ತಿನಿಂದ ಆಳ ಹೇಳುವ ಯಂತ್ರ ಬೋಟಿನಲ್ಲಿರುತ್ತದೆ. ಎರಡು ಅಳತೆಗಳ ವ್ಯತ್ಯಾಸವೇ ತೆಗೆದ ಹೂಳು. ಎರಡನೆಯ ಅಳತೆ ತಡವಾಗಿ ನಡುವೆ ಒಂದು ಮಳೆಗಾಲ ಬಂದು ಹೋದರೆ, ಎಷ್ಟು ತೆಗೆದಿದ್ದರು, ಎಷ್ಟು ಮತ್ತೆ ಬಂದು ಕುಳಿತಿತು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ತೆಗೆದ ಮರಳನ್ನು ಬಾಗಿಲಿನ ಹತ್ತಿರವೇ ಬಿಟ್ಟರೆ ಅಲೆ ಅದನ್ನು ಮರಳಿ ತರುತ್ತದೆ; ನಮ್ಮೂರ ಏರಿಯ ಒಳಮೈಯ ಮಣ್ಣಿನಂತೆಯೇ.

ಜವಾಬ್ದಾರಿ ಯಾರದು ಎಂಬ ಪ್ರಶ್ನೆಯಲ್ಲೂ ಎರಡೂ ಕಡೆ ಒಂದೇ ತೊಡಕು. ಮಂಗಳೂರಿನ ಹಳೇ ಬಂದರು ರಾಜ್ಯ ಸರ್ಕಾರದ ಕೈಯಲ್ಲಿದೆ, 1974ರಲ್ಲಿ ಪ್ರಮುಖ ಬಂದರೆಂದು ಘೋಷಣೆಯಾದ ಪಣಂಬೂರಿನದು ಕೇಂದ್ರದ ಕೈಯಲ್ಲಿ. ದಡದ ಮೇಲೆ ಮನೆ ಕಟ್ಟಿಕೊಂಡವರು ಮತ ಹಾಕಿ ಆರಿಸಿದ ಸ್ಥಳೀಯ ಸಂಸ್ಥೆಗೆ ನೀರಿನ ಆಳದ ಮೇಲೆ ಹೆಚ್ಚಿನ ಹಿಡಿತವಿಲ್ಲ. ನಮ್ಮಲ್ಲಿ 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟಿರುವ ಕೆರೆ ಪಂಚಾಯತಿಯದು, 40ರಿಂದ 2,000 ಹೆಕ್ಟೇರ್‌ವರೆಗಿನದು ಸಣ್ಣ ನೀರಾವರಿ ಇಲಾಖೆಯದು. ನಮ್ಮೂರ ಕೆರೆ ಪಂಚಾಯತಿಯದು. ಟೆಂಡರ್ ಮತ್ತು ಅಳತೆ ಬೇರೆ ಕಚೇರಿಯವು. ಸಭೆಯಲ್ಲಿ ಅಭಿವೃದ್ಧಿ ಅಧಿಕಾರಿ "ಅಳತೆ ನಮ್ಮ ಕಡೆ ಇಲ್ಲ" ಎಂದರು, ಎಂಜಿನಿಯರ್ "ಹೂಳು ವಿಲೇವಾರಿ ಪಂಚಾಯತಿಗೆ ಬಿಟ್ಟದ್ದು" ಎಂದರು. ಇಬ್ಬರೂ ಹೇಳಿದ್ದು ಕಾಗದದ ಮೇಲೆ ಸರಿಯೇ ಇರಬಹುದು. ಆದರೆ ಆ ಇಬ್ಬರ ನಡುವೆ 3,000ಕ್ಕೂ ಹೆಚ್ಚು ಟ್ರಾಲಿ ಮಣ್ಣು ಕಾಣದೆ ಹೋಗಿದೆ.

ಕನ್ನಡ ನಾಡಿನ ಶಾಸನಗಳಲ್ಲಿ ಕೆರೆಗೊಡಗೆಯ ಮಾತು ಬರುತ್ತದೆ. ಕೆರೆ ಕಾಯುವುದಕ್ಕೆಂದೇ ಭೂಮಿ ಬಿಡುತ್ತಿದ್ದರು, ಹೂಳು ಹೊರಲು ಬಂಡಿ ಇಡುತ್ತಿದ್ದರು. ಹೂಳು ಬಂಡಿಯಲ್ಲಿ ಊರ ನಡುವಿನಿಂದಲೇ ಹೋಗುತ್ತಿದ್ದ ಕಾಲದಲ್ಲಿ ಎಣಿಸುವ ಕಣ್ಣುಗಳಿಗೆ ಕೊರತೆ ಇರಲಿಲ್ಲ. ಈಗಲೂ ಟ್ರಾಲಿ ಹೋಗುವುದು ಅದೇ ಆಯಿಯ ಅಂಗಳದ ಮುಂದೆಯೇ, ಆದರೆ ಆಕೆಯನ್ನು ಕೇಳುವ ಕಾಲಂ ಅಳತೆ ಪುಸ್ತಕದಲ್ಲಿಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆ ಹಣ ಬರುತ್ತಿದೆ. ಅದಕ್ಕಾಗಿ ಹೋರಾಡಿದ ಹಿರಿಯರನ್ನು ಕಂಡಿದ್ದೇನೆ. ಆ ಹಣ ಹೀಗೆ ನೀರಿನ ಕೆಳಗೆ ಮುಚ್ಚಿಹೋಗುವುದನ್ನು ನೋಡಿಕೊಂಡು ಇರುವುದು ನನ್ನಿಂದ ಆಗದು.

ಮಾಹಿತಿ ಹಕ್ಕು ಎಂದರೆ ಕಾಗದದ ನಕಲು ಪಡೆಯುವುದು ಎಂದು ನಮ್ಮೂರ ಹುಡುಗರು ತಿಳಿದಿದ್ದರು. 2005ರ ಆ ಕಾಯ್ದೆಯಲ್ಲಿ ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಸೇರಿದೆ. ಹತ್ತು ರೂಪಾಯಿ ಶುಲ್ಕದ ಅರ್ಜಿ, 30 ದಿನದೊಳಗೆ ಉತ್ತರ. ಅಳತೆ ಪುಸ್ತಕದ ಪುಟಗಳು, ಕೆಲಸಕ್ಕೆ ಮೊದಲಿನ ಮಟ್ಟ, ಮುಗಿದ ಮೇಲಿನ ಮಟ್ಟ, ಅಳತೆ ಮಾಡಿದ ತಾರೀಖು, ಟ್ರಾಲಿಗಳ ಪಟ್ಟಿ, ಹೂಳು ಪಡೆದ ರೈತರ ಹೆಸರು, ದಿಬ್ಬಗಳ ಸ್ಥಳ ಪರಿಶೀಲನೆ, ಇಷ್ಟನ್ನು ಕೇಳಿ ನಿನ್ನೆ ಅರ್ಜಿ ಬರೆದೆ. ಮೊದಲ ಪ್ರಶ್ನೆಯನ್ನು ಕಚೇರಿ ಭಾಷೆಗೆ ತಿರುಗಿಸಲು ಹೋಗಿ, "ತೆರವುಗೊಳಿಸಲಾದ ಹೂಳಿನ ವಿಲೇವಾರಿ ಸ್ಥಳದ ವಿವರ" ಎಂದು ಬರೆದು, ಹೊಡೆದು ಹಾಕಿದೆ. ಆಯಿ ಕೇಳಿದ ಹಾಗೆಯೇ ಬರೆದೆ.

ಬೆಳಿಗ್ಗೆ ಊರಿಂದ ಫೋನ್ ಬಂದಿತ್ತು. ರಾತ್ರಿ ಮತ್ತೆ ದೊಡ್ಡ ಮಳೆಯಾಗಿದೆಯಂತೆ, ಏರಿಯ ಒಳಮೈಯ ಮಣ್ಣು ಎರಡು ಕಡೆ ಜಾರಿದೆಯಂತೆ. ಉತ್ತರ ಬರುವವರೆಗೆ ಕಾಯುವಂತಿಲ್ಲ. ನಾಳೆ ಮೊದಲ ಬಸ್ಸಿಗೆ ಹೊರಟಿದ್ದೇನೆ. ಅಳತೆಯ ಟೇಪು, ಫೋಟೋ ತೆಗೆಯಲು ಮಗಳ ಫೋನು ಚೀಲದಲ್ಲಿವೆ. ಆ ಎರಡನೆಯ ದಿಬ್ಬ ಕರಗುವ ಮೊದಲು ಅಲ್ಲಿರಬೇಕು.