ಉರಿದರೆ ಮಾತ್ರ ಔಷಧಿ ಅಂತ ಯಾರು ಹೇಳಿದ್ದು?

ಹೋದ ದಸರಾ ರಜೆಗೆ ಊರಿಗೆ ಹೋದಾಗ ಅಪ್ಪನ ಕಾಲಲ್ಲಿ ಎರಡು ಗಾಯ ಇದ್ದವು. ಒಂದು ತೋಟದಲ್ಲಿ ಆಗಿದ್ದು. ಇನ್ನೊಂದು ಮನೆಯೊಳಗೇ, ಮಂಚದ ಮೇಲೆ ಕೂತು, ಅವರೇ ಕೈಯಾರೆ ಮಾಡಿಕೊಂಡಿದ್ದು.

ನಮ್ಮೂರು ತಿಪಟೂರಿನ ಹತ್ತಿರ. ಬೇಲಿ ಸರಿಮಾಡುವಾಗ ಕಾಲು ಜಾರಿ, ಕಲ್ಲುಕಂಬಕ್ಕೆ ಉಜ್ಜಿ, ಮೊಣಕಾಲಿನ ಕೆಳಗೆ ಚರ್ಮ ತರಚಿತ್ತು. ದೊಡ್ಡದೇನಲ್ಲ, ಹೆಬ್ಬೆಟ್ಟಿನಷ್ಟು. ಮನೆಗೆ ಬಂದವರೇ ಹತ್ತಿಯನ್ನು ದಪ್ಪಗೆ ಮಡಿಚಿ, ಮನೆಯಲ್ಲಿದ್ದ ಆಂಟಿಸೆಪ್ಟಿಕ್ ಲಿಕ್ವಿಡ್ಡನ್ನು ನೀರು ಬೆರೆಸದೆ ಹಾಗೇ ಸುರಿದು, ಆ ಒದ್ದೆ ಹತ್ತಿಯನ್ನು ಗಾಯದ ಮೇಲಿಟ್ಟು, ಪಂಚೆಗೆ ಕಲೆ ಆಗಬಾರದು ಅಂತ ಮೇಲೊಂದು ಪ್ಲಾಸ್ಟಿಕ್ ಕವರ್ ಸುತ್ತಿ, ಬಟ್ಟೆಯಿಂದ ಬಿಗಿಯಾಗಿ ಕಟ್ಟಿ ಮಲಗಿದ್ದಾರೆ. ರಾತ್ರಿಯೆಲ್ಲ ಉರಿ. ಅವರಿಗೆ ಅದೇ ಸಮಾಧಾನ. ಉರೀತಿದೆ ಅಂದ್ರೆ ಕೆಲಸ ಮಾಡ್ತಿದೆ ಅಂತ.

ಬೆಳಿಗ್ಗೆ ಬಿಚ್ಚಿದರೆ ಸುತ್ತಲಿನ ಚರ್ಮವೆಲ್ಲ ಕೆಂಪು, ಅಂಚಿಗೆ ನೀರು ತುಂಬಿದ ಬೊಬ್ಬೆ. ನಾನು ನೋಡಿದ್ದು ನಾಲ್ಕನೇ ದಿನ. ನನಗೆ ವಿಚಿತ್ರ ಅನಿಸಿದ್ದು ಅದರ ಆಕಾರ. ಬಿದ್ದು ಆದ ಗಾಯ ಯಾವತ್ತಾದರೂ ಚೌಕವಾಗಿ ಇರುತ್ತಾ? ಇದು ಚೌಕವಾಗಿತ್ತು. ನಾಲ್ಕೂ ಮೂಲೆ ಎಣಿಸಬಹುದಿತ್ತು, ಹತ್ತಿ ಎಷ್ಟಗಲ ಇತ್ತೋ ಸರಿಯಾಗಿ ಅಷ್ಟೇ.

ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಒಂದು ಸಲ ನೋಡಿದರು ಅಷ್ಟೇ. "ಏನ್ ಹಾಕಿ ಕಟ್ಟಿದ್ರಿ ಯಜಮಾನ್ರೇ? ಕಲ್ಲುಕಂಬದ ಗಾಯ ಆಗ್ಲೇ ಮಾಯ್ತಾ ಇದೆ. ಇದು ಔಷಧಿ ಸುಟ್ಟಿರೋದು."

ಅಪ್ಪ ನನ್ನ ಮುಖ ನೋಡಿದರು, ನಾನೇ ಏನೋ ತಪ್ಪು ಮಾಡಿದ ಹಾಗೆ.

ಬಾಟಲಿಯಲ್ಲಿ ಇರೋದು ಗಟ್ಟಿ ಸರಕು, ಅದನ್ನು ನೀರಿಗೆ ಬೆರೆಸಿ ಬಳಸಲಿ ಅಂತಲೇ ಮಾಡಿರುತ್ತಾರೆ. ಹಾಗೇ ಸುರಿದರೆ ಕ್ರಿಮಿಗೂ ಚರ್ಮಕ್ಕೂ ಅದು ವ್ಯತ್ಯಾಸ ನೋಡಲ್ಲ. ತೆರೆದ ಗಾಳಿಯಲ್ಲಿದ್ದಿದ್ದರೆ ಸ್ವಲ್ಪ ಹೊತ್ತಿಗೆ ಆರಿ ಹೋಗುತ್ತಿತ್ತೇನೋ, ಆದರೆ ಮೇಲೆ ಪ್ಲಾಸ್ಟಿಕ್ ಕಟ್ಟಿದ ಮೇಲೆ ಆರೋಕೆ ದಾರಿಯೇ ಇಲ್ಲ, ಬೆವರು ಬೇರೆ ಸೇರುತ್ತೆ, ಬೆಳಗಿನವರೆಗೂ ಅದು ಚರ್ಮದೊಳಗೆ ಇಳೀತಾನೇ ಇರುತ್ತೆ. ಒದ್ದೆ ಹತ್ತಿ, ಬಿಗಿ ಕಟ್ಟು, ಇಡೀ ರಾತ್ರಿ. ಈ ಮೂರು ಸೇರಿದರೆ ಯಾವ ಆಂಟಿಸೆಪ್ಟಿಕ್ಕಾದರೂ ಸುಡಬಹುದು, ಅಯೋಡಿನ್ ಕೂಡ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಮ್ಮ ಮನೆಯ ಔಷಧಿ ಡಬ್ಬಿಯಲ್ಲಿ ಇದ್ದಬದ್ದ ಬಾಟಲಿಗಳನ್ನೆಲ್ಲ ಹರಡಿಕೊಂಡು ಹಿಂದಿನ ಸಣ್ಣಕ್ಷರ ಓದಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ, ನಾಚಿಕೆಯಿಂದಲೇ ಹೇಳ್ತೀನಿ.

ಡೆಟಾಲ್‌ನಲ್ಲಿ ಕೆಲಸ ಮಾಡೋದು ಕ್ಲೋರೋಕ್ಸಿಲಿನಾಲ್, ನೂರಕ್ಕೆ 4.8 ಭಾಗ. ಅದರ ಜೊತೆಗೆ ಆಲ್ಕೋಹಾಲು, ಪೈನ್ ವಾಸನೆಯ ಎಣ್ಣೆ ಅಂಶ, ಸೋಪು. ನೀರಿಗೆ ಹಾಕಿದ ತಕ್ಷಣ ಹಾಲಿನ ಹಾಗೆ ಬೆಳ್ಳಗಾಗುತ್ತಲ್ಲ, ನನಗೆ ಚಿಕ್ಕಂದಿನಿಂದ ಅದೊಂದು ಮ್ಯಾಜಿಕ್. ಮ್ಯಾಜಿಕ್ ಏನಿಲ್ಲ, ಆ ಎಣ್ಣೆ ಅಂಶ ನೀರಲ್ಲಿ ಕರಗಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ತೇಲುತ್ತೆ, ಅದಕ್ಕೇ ಆ ಬಿಳುಪು. ಗಾಯ ತೊಳೆಯೋದಕ್ಕೆ ಒಂದು ಮುಚ್ಚಳಕ್ಕೆ ಸುಮಾರು 20 ಮುಚ್ಚಳ ನೀರು. ನಿಮ್ಮ ಬಾಟಲಿ ಮೇಲೆ ಬೇರೆ ಲೆಕ್ಕ ಇದ್ದರೆ ಅದನ್ನೇ ಪಾಲಿಸಿ.

ಸ್ಯಾವ್ಲಾನ್ ಥರದ್ದರಲ್ಲಿ ಕ್ಲೋರ್‌ಹೆಕ್ಸಿಡಿನ್ ಮತ್ತು ಸೆಟ್ರಿಮೈಡ್ ಇರುತ್ತೆ. ಇದಕ್ಕೂ ನೀರು ಬೇಕು. ಇದರದ್ದೊಂದು ತಮಾಷೆ ಇದೆ, ಸೋಪಿಗೂ ಇದಕ್ಕೂ ಆಗಿಬರಲ್ಲ. ಸೋಪಿನ ನೊರೆ ಉಳಿದಿರುವಾಗಲೇ ಇದನ್ನು ಹಾಕಿದರೆ ಎರಡೂ ಒಂದನ್ನೊಂದು ಹಿಡಿದುಕೊಂಡು ಸುಮ್ನೆ ಕೂತುಬಿಡುತ್ತವೆ, ಕ್ರಿಮಿ ಸಾಯಲ್ಲ. ಮೊದಲು ನೊರೆಯೆಲ್ಲ ಹೋಗೋ ಹಾಗೆ ತೊಳೆದು ಆಮೇಲೆ ಹಾಕಬೇಕು. ಕಣ್ಣಿಗೆ, ಕಿವಿಯೊಳಕ್ಕೆ ಮಾತ್ರ ಬೇಡವೇ ಬೇಡ. ಕ್ಲೋರ್‌ಹೆಕ್ಸಿಡಿನ್ ಒಳಕಿವಿಗೆ ಇಳಿದರೆ ಕೇಳಿಸೋದೇ ಹೋಗಬಹುದು.

ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬುರುಬುರು ನೊರೆ ಬರುತ್ತೆ, ನೋಡೋಕೆ ಏನೋ ದೊಡ್ಡ ಕೆಲಸ ನಡೀತಿದೆ ಅನಿಸುತ್ತೆ. ಆ ನೊರೆ ಬರೋದು ನಮ್ಮದೇ ರಕ್ತ, ಜೀವಕೋಶಗಳಲ್ಲಿರುವ ಒಂದು ಕಿಣ್ವದಿಂದ. ದಿನಾ ಹಾಕಿದರೆ ಹೊಸದಾಗಿ ಬೆಳೆಯುತ್ತಿರುವ ಚರ್ಮಕ್ಕೇ ಪೆಟ್ಟು. ಸ್ಪಿರಿಟ್ ಅಂತೂ ಗಾಯಕ್ಕೆ ಅಲ್ಲವೇ ಅಲ್ಲ, ಇಂಜೆಕ್ಷನ್ ಕೊಡುವ ಮೊದಲು ಚೆನ್ನಾಗಿರುವ ಚರ್ಮ ಒರೆಸೋದಕ್ಕೆ. ಬೆಂಕಿಯ ಹತ್ತಿರವಂತೂ ಇಡಲೇಬೇಡಿ. ಇನ್ನು ಸ್ಕೂಲಲ್ಲಿ ಪಿಟಿ ಮಾಸ್ಟರು ಮಂಡಿಗೆ ಹಚ್ಚುತ್ತಿದ್ದ ಕೆಂಪು ಔಷಧಿ ನೆನಪಿದೆಯಾ, ಮರ್ಕ್ಯುರೋಕ್ರೋಮ್? ಅದರಲ್ಲಿ ಇದ್ದದ್ದು ಪಾದರಸ. ನಾವು ಅದನ್ನು ಹಚ್ಚಿಸಿಕೊಳ್ಳೋಕೆ ಸಾಲು ನಿಲ್ಲುತ್ತಿದ್ದೆವು!

ಹಾಗಾದರೆ ಗಾಯಕ್ಕೆ ಏನು ಹಾಕಬೇಕು ಅಂತ ಡಾಕ್ಟರನ್ನೇ ಕೇಳಿದ್ದೆ. "ನಲ್ಲಿ ತಿರುಗ್ಸಿ" ಅಂದರು. ಅಷ್ಟೇ. ಸಣ್ಣಪುಟ್ಟ ತರಚು ಗಾಯಕ್ಕೆ ಹರಿಯುವ ಶುದ್ಧ ನೀರು, ಸುತ್ತಲಿನ ಚರ್ಮಕ್ಕೆ ಸೋಪು. ಮಣ್ಣು, ಕಲ್ಲಿನ ಪುಡಿ, ಕಸ ಹೋಗೋವರೆಗೂ ಐದಾರು ನಿಮಿಷ ನೀರು ಬಿಡೋದು. ಮಣ್ಣು ಒಳಗೇ ಉಳಿದರೆ ಮೇಲಿಂದ ಏನು ಸುರಿದರೂ ದಂಡ.

ಇದು ಹೊಸ ಜ್ಞಾನವೂ ಅಲ್ಲ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಬುಲೋನ್‌ನಲ್ಲಿ ಸೈನಿಕರ ಗಾಯ ನೋಡುತ್ತಿದ್ದವರು. ಆಳದ ಗಾಯಕ್ಕೆ ಗಟ್ಟಿ ಆಂಟಿಸೆಪ್ಟಿಕ್ ಸುರಿದರೆ ಅದು ಸಂದಿಯಲ್ಲಿ ಅಡಗಿರುವ ಕ್ರಿಮಿಯನ್ನು ಮುಟ್ಟುವುದಿಲ್ಲ, ಆದರೆ ಕ್ರಿಮಿಯ ಜೊತೆ ಹೋರಾಡುವ ನಮ್ಮ ಬಿಳಿ ರಕ್ತಕಣಗಳನ್ನು ಕೊಲ್ಲುತ್ತೆ ಅಂತ ಅವರು ಆಗಲೇ ತೋರಿಸಿದ್ದರು. ಉಪ್ಪುನೀರಲ್ಲಿ ತೊಳೆಯೋದೇ ಮೇಲು ಅಂದಿದ್ದರು. ಪೆನ್ಸಿಲಿನ್ ಕಂಡದ್ದು ಅದಾದ ಎಷ್ಟೋ ವರ್ಷಕ್ಕೆ, 1928ರಲ್ಲಿ.

ತೊಳೆದ ಮೇಲೂ ಏನಾದರೂ ಹಚ್ಚಲೇಬೇಕು ಅನಿಸಿದರೆ ನಾನೀಗ ಪೊವಿಡೋನ್ ಅಯೋಡಿನ್ ಇಟ್ಟುಕೊಂಡಿದ್ದೇನೆ, 5 ಪರ್ಸೆಂಟಿನದು. ಕಂದು ಬಣ್ಣ, ಬಟ್ಟೆಗೆ ಬಿದ್ದರೆ ಅಮ್ಮನ ಕೈಲಿ ಬೈಗುಳ ಗ್ಯಾರಂಟಿ. ತೆಳ್ಳಗೆ ಹಚ್ಚಿ, ಒಂದೆರಡು ನಿಮಿಷ ಆರಲು ಬಿಟ್ಟು, ಆಮೇಲೆ ಒಣ ಗಾಜ್ (ಬ್ಯಾಂಡೇಜಿನ ಜಾಳು ಬಟ್ಟೆ) ಕಟ್ಟೋದು. ಎಲ್ಲರೂ ತಪ್ಪೋದು ಈ ಆರಲು ಬಿಡೋ ಕಡೆಗೇ, ಹಚ್ಚಿದ ತಕ್ಷಣ ಊದಿ, ಒರೆಸಿ, ಕಟ್ಟಿಬಿಡ್ತೀವಿ. ಥೈರಾಯ್ಡ್ ತೊಂದರೆ ಇದ್ದವರು, ಬಸುರಿಯರು, ಹಾಲೂಡಿಸುವ ತಾಯಂದಿರು ಡಾಕ್ಟರನ್ನು ಕೇಳದೆ ಇದನ್ನು ದಿನಾ ಹಚ್ಚಬಾರದು, ಎಳೆ ಮಕ್ಕಳಿಗೂ ಬೇಡ. ಅಯೋಡಿನ್ ಚರ್ಮದ ಮೂಲಕ ಒಳಗೆ ಹೋಗುತ್ತೆ. ಬಾಕಿಯವರಿಗೂ ಎರಡು ಮೂರು ದಿನ ಸಾಕು. ಹಕ್ಕಳೆ ಕಟ್ಟೋಕೆ ಶುರುವಾದ ಮೇಲೆ ಸುಮ್ನೆ ಬಿಟ್ಟುಬಿಡಿ. ಅರಿಶಿನ, ಕಾಫಿಪುಡಿ, ಸುಣ್ಣದ ಬಗ್ಗೆ ಬರೆದರೆ ನಮ್ಮ ಅಜ್ಜಿ ಊರಿಂದ ಫೋನ್ ಮಾಡಿ ಜಗಳ ಆಡ್ತಾರೆ, ಅದಕ್ಕೇ ಬೇಡ.

ಸಕ್ಕರೆ ಕಾಯಿಲೆ ಇರುವವರ ಪಾದದ ಗಾಯಕ್ಕೆ ಮಾತ್ರ ಮನೆಮದ್ದು ಬೇಡ. ಪಾದದಲ್ಲಿ ಸ್ಪರ್ಶ ಕಮ್ಮಿಯಾಗಿರಬಹುದು, ಆಗ ಚರ್ಮ ಸುಟ್ಟರೂ ಉರಿಯೇ ಗೊತ್ತಾಗಲ್ಲ.

ನಾಯಿ ಕಚ್ಚಿದರೆ ಲೆಕ್ಕವೇ ಬೇರೆ. ಅಲ್ಲಿ ಸೋಪು ಹಾಕಿ ಹರಿಯುವ ನೀರಲ್ಲಿ ಪೂರ್ತಿ 15 ನಿಮಿಷ ತೊಳೆಯಬೇಕು, ಗಡಿಯಾರ ನೋಡಿಕೊಂಡು. ಆಮೇಲೆ ಪೊವಿಡೋನ್ ಅಯೋಡಿನ್. ಕಟ್ಟಬಾರದು, ಮೆಣಸಿನಪುಡಿ ಸುಣ್ಣ ಮೆತ್ತಬಾರದು, ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಬೇಕು. ಗೀರಿದ್ದು ಅಷ್ಟೇ ಅಂತ ಮನೆಯಲ್ಲಿ ಕೂರಬೇಡಿ, ರೇಬಿಸ್ ಕಾಣಿಸಿಕೊಂಡ ಮೇಲೆ ಔಷಧಿ ಇಲ್ಲ.

ಮತ್ತೆ ಊರಿಗೆ ಹೋದಾಗ ಇನ್ನೊಂದು ಕಂಡುಬಂತು. ನೀರು ಬೆರೆಸಿದ ಲಿಕ್ವಿಡ್ಡನ್ನು ಅಮ್ಮ ಖಾಲಿ ನೀರಿನ ಬಾಟಲಿಗೆ ತುಂಬಿ ಬಚ್ಚಲ ಕಿಟಕಿಯಲ್ಲಿ ಇಟ್ಟಿದ್ದರು, "ಮತ್ತೆ ಮತ್ತೆ ಯಾಕೆ ಬೆರ್ಸೋದು" ಅಂತ. ಯಾವಾಗ ಬೆರೆಸಿದ್ದೋ ಅವರಿಗೇ ನೆನಪಿಲ್ಲ. ಹಾಗೆ ಇಟ್ಟ ನೀರಲ್ಲೇ ಕ್ರಿಮಿ ಬೆಳೆಯುತ್ತೆ, ಆಂಟಿಸೆಪ್ಟಿಕ್ ಅಂತ ಹೆಸರಿದ್ದರೂ. ಅದಕ್ಕಿಂತ ಹೆಚ್ಚಾಗಿ ನಮ್ಮಕ್ಕನ ಮಗನಿಗೆ ಮೂರು ವರ್ಷ, ನೀರಿನ ಬಾಟಲಿ ಕಂಡರೆ ಎತ್ತಿ ಬಾಯಿಗೆ ಇಡೋ ವಯಸ್ಸು. ಅವತ್ತೇ ಚೆಲ್ಲಿದೆ. ಒಂದು ದಪ್ಪ ಮಾರ್ಕರ್ ತಂದು ದೊಡ್ಡ ಬಾಟಲಿ ಮೇಲೆ "1 ಮುಚ್ಚಳ, 20 ಮುಚ್ಚಳ ನೀರು, ಕಟ್ಟಬೇಡಿ" ಅಂತ ಕನ್ನಡದಲ್ಲಿ ಬರೆದೆ. ಆ ಇಂಗ್ಲಿಷ್ ಸಣ್ಣಕ್ಷರ ಅಪ್ಪನಿಗೆ ಕನ್ನಡಕ ಹಾಕಿದರೂ ಕಾಣಲ್ಲ.

ಹೋದ ವಾರ ಅಪ್ಪ ಫೋನ್ ಮಾಡಿದ್ದರು. ಕಾಯಿ ಸುಲಿಯುವಾಗ ಕೈ ತರಚಿತಂತೆ. ನಲ್ಲಿ ನೀರಲ್ಲಿ ತೊಳೆದು, ನಾನು ಕೊಟ್ಟು ಬಂದ ಅಯೋಡಿನ್ ಹಚ್ಚಿ, ಆರೋಕೂ ಬಿಟ್ಟಿದ್ದಾರೆ. ಎಲ್ಲ ಸರಿಯಾಗಿಯೇ ಮಾಡಿದ್ದಾರೆ, ಆದರೂ ಒಂದು ಅನುಮಾನ.

"ಅಲ್ಲ ಕಣೋ, ಎಲ್ಲಿಂದ ತಂದೆ ಇದನ್ನ? ಚೂರೂ ಉರೀತಾನೇ ಇಲ್ವಲ್ಲೋ. ಡೂಪ್ಲಿಕೇಟ್ ಕೊಟ್ಟಿರ್ಬೇಕು ನೋಡು ನಿಂಗೆ."