ಗಿಣಿ ಅಚ್ಚಿನ ಕೊಕ್ಕು

ಹಾಸನದ ನಮ್ಮ ಮನೆಯಲ್ಲಿ ಸಂಕ್ರಾಂತಿ ಶುರುವಾಗುವುದು ಅಟ್ಟದಿಂದ ಅಚ್ಚಿನ ಗಂಟು ಇಳಿದ ದಿನ. ಅತ್ತೆಗೆ ಅವರ ತಾಯಿ ಕೊಟ್ಟ ಮರದ ಅಚ್ಚುಗಳು: ತುಳಸಿ ಕಟ್ಟೆ, ಗೋಪುರ, ಆನೆ, ಮೀನು, ಗಿಣಿ. ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಬೇಕು. ಒಣ ಅಚ್ಚಿಗೆ ಸಕ್ಕರೆ ಪಾಕ ಹುಯ್ದರೆ ಮರ ಅದನ್ನು ಬಿಟ್ಟುಕೊಡುವುದಿಲ್ಲ.

ಕೊಬ್ಬರಿಯ ಕರಿಸಿಪ್ಪೆ ಹೆರೆದು ಸಣ್ಣಗೆ ಹೆಚ್ಚುವುದು ನನ್ನ ಪಾಲು. ಬೆಲ್ಲ ಕತ್ತರಿಸುವುದು ಯಜಮಾನರದು. ಬೆರಳಿಗೆ ಬೊಬ್ಬೆ ಬಂತು ಅಂತ ಮೂರು ಸಲ ಹೇಳದೆ ಅವರಿಗೆ ಹಬ್ಬ ಆಗುವುದಿಲ್ಲ. ಹುರಿದ ಕಡಲೆಬೀಜ ಉಜ್ಜಿ ಸಿಪ್ಪೆ ಊದುವುದು ಮಗಳ ಕೆಲಸ, ಅರ್ಧ ಅವಳ ಬಾಯಿಗೇ. "ದೇವರಿಗಿಡೋಕೆ ಮುಂಚೆ ತಿನ್ನಬಾರದು ಕಣೇ" ಅಂದರೆ, "ಇದಿನ್ನೂ ಎಳ್ಳುಬೆಲ್ಲ ಆಗಿಲ್ವಲ್ಲಮ್ಮ, ಬರೀ ಕಡಲೆಬೀಜ" ಅನ್ನುತ್ತಾಳೆ. ಅತ್ತೆ ಯಾವಾಗಲೂ ಮೊಮ್ಮಗಳ ಪರ.

ಪಾಕ ಮಾತ್ರ ಅತ್ತೆಯ ಕೈಯದು. ಸಕ್ಕರೆ ಮುಳುಗುವಷ್ಟು ನೀರು, ಕುದಿ ಬಂದಾಗ ಎರಡು ಚಮಚ ಹಾಲು. ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ; ತೆಗೆದು, ತೆಳು ಬಟ್ಟೆಯಲ್ಲಿ ಶೋಧಿಸುತ್ತಾರೆ. ಆಮೇಲೆ ಒಂದೊಂದೇ ಸೌಟು ಪುಟ್ಟ ಪಾತ್ರೆಗೆ ಹಾಕಿ, ಚೂರು ಮೊಸರು ಬಿಟ್ಟು ತಿರುವುತ್ತಲೇ ಇರಬೇಕು. ಅಂಚಿನಲ್ಲಿ ಬೆಳ್ಳಗೆ ಕಟ್ಟಲು ಶುರುವಾಯಿತೋ, ತಕ್ಷಣ ಅಚ್ಚಿಗೆ. ಮುಂಚೆ ಹುಯ್ದರೆ ಅಂಟು, ತಡವಾದರೆ ಪಾತ್ರೆಯಲ್ಲೇ ಕಲ್ಲು. ಮದುವೆಯಾದ ಮೊದಲ ವರ್ಷ ನಾನು ಒಂದು ಕೆ.ಜಿ. ಸಕ್ಕರೆಯನ್ನು ಹಾಗೆ ಕಲ್ಲು ಮಾಡಿದ್ದೆ. ಅತ್ತೆ ಬೈಯಲಿಲ್ಲ, ನೀರು ಹಾಕಿ ಮತ್ತೆ ಒಲೆಗಿಟ್ಟರು. "ತಿರುವೋದು ನಿನ್ನ ಕೆಲಸ, ಬೆಳ್ಳಗೆ ಮಾಡೋದು ಕೇಶವನ ಕೆಲಸ. ಅವನ ಕೆಲಸಕ್ಕೆ ನೀನ್ಯಾಕೆ ಅವಸರ ಮಾಡ್ತೀಯ?"

ಧನುರ್ಮಾಸ ಪೂರ್ತಿ ಬೆಳಗಿನ ಜಾವ ಎದ್ದು ಹುಗ್ಗಿ ನೈವೇದ್ಯ ಮಾಡುವುದು ಅತ್ತೆಯ ವ್ರತ. ಅದು ಮುಗಿಯುವುದು ಸಂಕ್ರಾಂತಿಯಂದು, ಬೇಲೂರಿನಲ್ಲಿ. ಮೊದಲು ಎದ್ದ ತುಳಸಿ ಕಟ್ಟೆ ಅಲ್ಲಿನ ಚನ್ನಕೇಶವನಿಗೆ, ನಮ್ಮ ಚನ್ನಿಗರಾಯನಿಗೆ, ಮೀಸಲು. ಬಸ್ಸಿನ ಕುಲುಕಾಟಕ್ಕೆ ಒಡೆಯದಿರಲಿ ಅಂತ ಸ್ಟೀಲ್ ಡಬ್ಬಿಯಲ್ಲಿ ಎಳ್ಳಿನ ನಡುವೆ ಹುದುಗಿಸಿ, ಮಡಿಲಲ್ಲಿ ಇಟ್ಟುಕೊಂಡು ಹೋಗುತ್ತೇವೆ.

ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವರು. ಗುಡಿಯ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಾಗುತ್ತಾ ಗಟ್ಟಿಯಾಗುತ್ತದಂತೆ. ಅದನ್ನು ಕೇಳಿದಾಗಿನಿಂದ ನನಗೆ ಬೇಲೂರಿನ ಗೋಡೆ ನೋಡಿದರೆ ಅತ್ತೆಯ ಪಾಕ ನೆನಪಾಗುತ್ತದೆ. ಬಳ್ಳಿಗಾವೆಯಿಂದ ಬಂದ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೆತ್ತಿಟ್ಟಿದ್ದಾರೆ. ಕೆತ್ತಿದ್ದು ಸರಿ ಅಂತಲೇ ನನ್ನ ಲೆಕ್ಕ. ನಮ್ಮ ಗಿಣಿಯ ಅಚ್ಚು ಕೊರೆದವನ ಹೆಸರು ಅದರ ಮೇಲಿಲ್ಲ, ಅತ್ತೆಯ ತಾಯಿಗೂ ಗೊತ್ತಿರಲಿಲ್ಲವಂತೆ.

ಅರ್ಚಕರು ತಟ್ಟೆಯಿಂದ ತುಳಸಿ ಕಟ್ಟೆ ಎತ್ತಿ, ಬೆಳಕಿಗೆ ಹಿಡಿದು, "ಮನೇದಾ?" ಅಂದರು. ಅತ್ತೆ ಬರೀ ತಲೆಯಾಡಿಸಿದರು. ನೈವೇದ್ಯ ಮಾಡಿ, ಮೇಲೊಂದು ತುಳಸಿ ದಳ ಇಟ್ಟು ಕೊಟ್ಟಾಗ ಅತ್ತೆಯ ಕೈ ನಡುಗುತ್ತಿತ್ತು. ಒಂದು ತಿಂಗಳ ಚಳಿ, ಒಂದು ತಿಂಗಳ ತಣ್ಣೀರು ಸ್ನಾನ, ನಡುಗಿದ್ದು ಅದಕ್ಕಿರಲಾರದು.

ಹೊರಗೆ ಗಿಣಿ ಹಿಡಿದ ಮದನಿಕೆಯ ಕೆಳಗೆ ಮಗಳು ಕತ್ತೆತ್ತಿ ನಿಂತಳು. ಅವಳ ಕೈಯಲ್ಲೂ ಒಂದು ಗಿಣಿ, ಕೊಕ್ಕು ಮುರಿದದ್ದು. ಮುಕ್ಕಾದ ಸಕ್ಕರೆ ಅಚ್ಚನ್ನು ದೇವರಿಗೂ ಇಡುವುದಿಲ್ಲ, ಬೀರುವುದಕ್ಕೂ ಕೊಡುವುದಿಲ್ಲ, ಅವೆಲ್ಲ ಮಕ್ಕಳಿಗೆ. "ನಮ್ಮ ಗಿಣಿದು ಯಾಕಜ್ಜಿ ಪ್ರತಿಸಲ ಮುರಿಯುತ್ತೆ?" ಅಂದಳು. "ನಿಂಗೆ ಸಿಗಲಿ ಅಂತ" ಅಂದರು ಅತ್ತೆ.

ಸಂಜೆ ಎಳ್ಳು ಬೀರಿ ಮುಗಿಸಿ, ಅಚ್ಚುಗಳನ್ನು ತೊಳೆದು ನೆರಳಲ್ಲಿ ಆರಹಾಕಿದೆವು. ಬಿಸಿಲಿಗಿಟ್ಟರೆ ಮರ ಸೀಳುತ್ತದೆ. ಬೆಳಿಗ್ಗೆ ನೋಡಿದರೆ ಗಿಣಿಯ ಅಚ್ಚಿಗೆ ಮಾತ್ರ ಇರುವೆ ಸಾಲು. ಕೊಕ್ಕಿನ ಮೂಲೆಯಲ್ಲಿ ಸಕ್ಕರೆ ಕಚ್ಚಿಕೊಂಡೇ ಇತ್ತು. ಕಡ್ಡಿ ಹಾಕಿ ಕೆದಕಲು ಹೋದೆ. "ಇರಲಿ ಬಿಡು, ಅವು ತಿಂದು ಹೋಗ್ತವೆ" ಅಂದರು ಅತ್ತೆ.