ನಮ್ಮ ಬೆಳ್ಳಿ ಮೇಷ್ಟ್ರು

ಸ್ಪೆಕ್ಟ್ರೋಸ್ಕೋಪಿ, ಅಂದರೆ ಬೆಳಕಿನಿಂದ ವಸ್ತುವಿನ ಗುರುತು ಹಿಡಿಯುವ ಪಾಠ ಮಾಡುತ್ತಿದ್ದ ಸರ್ ತೀರಿಕೊಂಡರು ಅಂತ ನಮ್ಮ ಬ್ಯಾಚಿನ ಗ್ರೂಪಿನಲ್ಲಿ ಸುದ್ದಿ ಬಂತು. ಎಂ.ಎಸ್ಸಿ.ಯಲ್ಲಿ ಓದಿದ್ದರಲ್ಲಿ ಮುಕ್ಕಾಲು ಪಾಲು ಮರೆತುಹೋಗಿದೆ. ಸರ್ ಮಾತ್ರ ಕಣ್ಣೆದುರೇ ಇದ್ದಾರೆ. ಸಿಲ್ವರ್ ನೈಟ್ರೇಟ್ ತಾಗಿ ಅವರ ಬೆರಳ ತುದಿ ಯಾವಾಗಲೂ ಕಪ್ಪಾಗಿರುತ್ತಿತ್ತು, ಅದಕ್ಕೇ ನಮಗವರು ಬೆಳ್ಳಿ ಮೇಷ್ಟ್ರು.

ಸರ್ ಪಾಠದಲ್ಲಿ ಮುಖ್ಯವಾದದ್ದು ರಾಮನ್ ಸಿಗ್ನಲ್, ಅಂದರೆ ಅಣುವಿಗೆ ತಾಗಿ ಬಣ್ಣ ಬದಲಿಸಿ ಚದುರುವ ಬೆಳಕು. ಅದು ತೀರಾ ಕ್ಷೀಣ, ಅಲ್ವಾ? ಚದುರುವ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಫೋಟಾನ್ ಮಾತ್ರ ಅಣುವಿನ ಗುರುತು ಹೊತ್ತು ಬರುತ್ತದೆ. 1974ರಲ್ಲಿ ರಸಾಯನಶಾಸ್ತ್ರಜ್ಞ ಫ್ಲೈಶ್‌ಮನ್ ಅವರ ತಂಡ ಒರಟು ಮಾಡಿದ ಬೆಳ್ಳಿ ಎಲೆಕ್ಟ್ರೋಡ್ ಮೇಲೆ ಪಿರಿಡಿನ್ ಅನ್ನುವ ರಾಸಾಯನಿಕ ಇಟ್ಟು ನೋಡಿದಾಗ ಸಿಗ್ನಲ್ ಜೋರಾಗಿ ಬಂತು. ಮೇಲ್ಮೈ ಜಾಸ್ತಿಯಾಗಿದ್ದಕ್ಕೆ ಹಾಗಾಯಿತು ಅಂದುಕೊಂಡರು. 1977ರಲ್ಲಿ ಬೇರೆ ಎರಡು ತಂಡಗಳು ಲೆಕ್ಕ ಹಾಕಿದರೆ ಹೆಚ್ಚಳ ಲಕ್ಷ ಪಟ್ಟಿನಷ್ಟು! ಬರೀ ಮೇಲ್ಮೈಯಿಂದ ಅಷ್ಟು ಬರಲು ಸಾಧ್ಯವೇ ಇಲ್ಲ. ಇಲ್ಲಿಗೆ ಬಂದಾಗ ಸರ್ ಪ್ರತಿ ವರ್ಷವೂ ಸೀಮೆಸುಣ್ಣ ಕೆಳಗಿಟ್ಟು, ಈಗಷ್ಟೇ ಕಂಡುಹಿಡಿದವರ ಹಾಗೆ ಹುಡುಗರ ಮುಖ ನೋಡುತ್ತಿದ್ದರಂತೆ. ಲೇಸರ್ ಬಿದ್ದಾಗ ಲೋಹದ ಎಲೆಕ್ಟ್ರಾನ್‌ಗಳು ಒಟ್ಟಿಗೆ ತುಯ್ದಾಡುತ್ತವೆ, ಬೆಳ್ಳಿಯ ಕಣಗಳ ನಡುವಿನ ಕೆಲವೇ ನ್ಯಾನೋಮೀಟರ್ ಸಂದಿಯಲ್ಲಿ ಬೆಳಕಿನ ಕ್ಷೇತ್ರ ವಿಪರೀತ ಏರುತ್ತದೆ, ಅಲ್ಲಿ ಕೂತ ಅಣುವಿನ ಸಿಗ್ನಲ್ ನಮಗೆ ಎದ್ದು ಕಾಣುತ್ತದೆ.

ಒಂದು ಮಧ್ಯಾಹ್ನ ಸರ್ ಊಟಕ್ಕೆ ಹೋಗಿದ್ದರು. ನಾವು ನಾಲ್ವರು ಸೇರಿ ಅವರ ಬ್ಲ್ಯಾಂಕ್ ಚಿಪ್, ಅಂದರೆ ಬೆಳ್ಳಿ ಕಣ ಹಚ್ಚಿ ಇನ್ನೂ ಏನೂ ಹಾಕದ ಬಿಲ್ಲೆಯ ಮೇಲೆ ರೋಡಮೈನ್ 6ಜಿ ಬಣ್ಣದ ಒಂದು ಹನಿ ಬಿಟ್ಟು ಒಣಗಿಸಿದೆವು. ಕಣ್ಣಿಗೆ ಕೆಂಪೇ ಕಾಣದಷ್ಟು ತೆಳು ಮಾಡಿದ್ದೆವು. ಸರ್ ಬಂದು ಲೇಸರ್ ಹಾಕಿದರು. ಪರದೆಯ ಮೇಲೆ 1362, 1510, 1650 ಸೆಂ.ಮೀ.⁻¹ರ ಹತ್ತಿರ ರೋಡಮೈನಿನ ಗುರುತಾದ ಪೀಕ್‌ಗಳು ಎದ್ದವು. ಪುಸ್ತಕ ತೆರೆಯಲಿಲ್ಲ, ತಿರುಗಿಯೂ ನೋಡಲಿಲ್ಲ. "ರೋಡಮೈನ್ ಬಾಟಲಿ ಮುಚ್ಚಳ ಸರಿಯಾಗಿ ಹಾಕಿದ್ದೀರೇನ್ರಪ್ಪಾ?" ಅಂದರು. ಬೈಯಲಿಲ್ಲ. ಅದೇ ಚಿಪ್ಪನ್ನು ಮೂಲೆಯಿಂದ ಮೂಲೆಗೆ ಸ್ಕ್ಯಾನ್ ಮಾಡಿ ಅಂತ ಕೂರಿಸಿದರು. ಒಂದು ಕಡೆ ಪೀಕ್ ಆಕಾಶಕ್ಕೆ, ಪಕ್ಕದಲ್ಲೇ ಏನೂ ಇಲ್ಲ. "ಹನಿ ಒಂದೇ, ಉತ್ತರ ಯಾಕೆ ಇಷ್ಟೊಂದು?" ಅಂತ ಕೇಳಿದರು. ಕಣಗಳ ಸಂದಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ ಅನ್ನುವುದು ಅವತ್ತು ತಲೆಗೆ ಹೋಯಿತು.

ಈಗಿನ ಹುಡುಗರು ಜಾಣರು, ಅನುಮಾನವಿಲ್ಲ. ಆದರೆ ಚಿಪ್ ರೆಡಿಮೇಡ್ ಬರುತ್ತದೆ, ಗ್ರಾಫಿನ ತಳದ ಗೆರೆ ಬೇಸ್‌ಲೈನ್ ಅನ್ನು ಸಾಫ್ಟ್‌ವೇರ್ ತಿದ್ದಿ ಕೊಡುತ್ತದೆ, ಅತಿ ಎತ್ತರದ ಪೀಕ್ ಒಂದನ್ನು ಆರಿಸಿ ಪ್ರಬಂಧಕ್ಕೆ ಹಾಕಿದರೆ ಕೆಲಸ ಮುಗಿಯಿತು. ಬೆಳ್ಳಿ ಕಣಗಳು ತೇಲುವ ದ್ರವ, ಅಂದರೆ ಕೊಲಾಯ್ಡ್, ಕುದಿಯುವಾಗ ಬಣ್ಣ ತಿರುಗುವುದನ್ನು ನಿಂತು ನೋಡುವ ಪುರುಸೊತ್ತು ಯಾರೂ ಕೊಡುತ್ತಿಲ್ಲ. ನನ್ನ ಲ್ಯಾಬಿನಲ್ಲಿ ಕೀಟನಾಶಕದ ಕುರುಹು ಹಿಡಿಯುವ ಚಿಪ್ ಮಾಡುತ್ತೇವೆ. ಇಡೀ ಚಿಪ್ಪಿನ ಮ್ಯಾಪ್ ತೋರಿಸದೆ ಯಾರೂ ನನ್ನ ಸಹಿ ಪಡೆದಿಲ್ಲ. ನಮ್ಮ ಅಳತೆ ಬೇರೆ ಲ್ಯಾಬಿನಲ್ಲೂ ಹಾಗೇ ಬರುತ್ತದೆ ಅನ್ನುವ ಹೆಮ್ಮೆ ನನಗಿದೆ.

ಸರ್ ಕೈಬರಹದ ಲ್ಯಾಬ್ ಪುಸ್ತಕಗಳು ವಿಭಾಗದ ಬೀರುವಿನಲ್ಲಿ ಇನ್ನೂ ಇವೆಯಂತೆ. ವಿಭಾಗದವರೇ, ಅವನ್ನು ಸ್ಕ್ಯಾನ್ ಮಾಡಿಸಿ ಲೈಬ್ರರಿಯಲ್ಲಿಡಿ. ಖರ್ಚು ನಾನು ಕೊಡುತ್ತೇನೆ.